ಅಜ್ಜಿಯ ಸೀರೆಗಳನ್ನು ಕೌದಿ ಹೊಲಿಯಲು ಕೊಟ್ಟೆ: ದುಡ್ಡು, ದಿನ, ಟಾಕಿ, ಎಲ್ಲ ಹೇಳುತ್ತೇನೆ

ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿಯ ರಿವ್ಯೂ ಅಲ್ಲ. ಬೋರ್ಡ್ ಇಲ್ಲ, ಬಿಲ್ ಇಲ್ಲ, ಆನ್‌ಲೈನ್ ಆರ್ಡರ್ ಅಂತೂ ಇಲ್ಲವೇ ಇಲ್ಲ. ಧಾರವಾಡದ ಒಂದು ಓಣಿಯಲ್ಲಿ ಮನೆಯಲ್ಲೇ ಕೂತು ಕೌದಿ ಹೊಲಿಯುವ ಒಬ್ಬ ಅಕ್ಕ ಮತ್ತು ಅವರ ಅತ್ತೆ, ಈ ಇಬ್ಬರ ಕೈಕೆಲಸದ ರಿವ್ಯೂ. ಹೆಸರು, ನಂಬರ್ ಎಲ್ಲೂ ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಈಗ ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಮತ್ತೆ ಯಾಕೆ ಬರೆಯುತ್ತಿದ್ದೀನಿ ಅಂದರೆ, ನಿಮ್ಮ ಮನೆಯಲ್ಲೂ ಒಂದು ಟ್ರಂಕು ಇರುತ್ತದೆ, ಅದರಲ್ಲಿ ಹಳೇ ಸೀರೆ ಇರುತ್ತವೆ, ನಾನು ಮಾಡಿದ ತಪ್ಪನ್ನು ನೀವು ಮಾಡದಿದ್ದರೆ ಸಾಕು.

ಉತ್ತರ ಕರ್ನಾಟಕದವರಿಗೆ ಕೌದಿ ಅಂದರೇನು ಅಂತ ಹೇಳಬೇಕಾಗಿಲ್ಲ. ಬೆಂಗಳೂರು, ಮೈಸೂರು ಕಡೆಯವರಿಗೆ ಎರಡು ಮಾತು. ಹಳೇ ಸೀರೆ, ಧೋತರ, ಲುಂಗಿಗಳನ್ನು ನಾಲ್ಕೈದು ಪದರ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಅಂಚಿಗೆ ಸಾಲು ಸಾಲಾಗಿ ಕೈಯಲ್ಲೇ ಹೊಲಿದ ಹೊದಿಕೆ. ಆ ಒಂದೊಂದು ಹೊಲಿಗೆಗೆ ಟಾಕಿ ಅಂತಾರೆ. ಒಳಗೆ ಹತ್ತಿ ತುಂಬುವುದಿಲ್ಲ, ಬಟ್ಟೆಯೇ ಹೂರಣ. ಚಳಿಗೆ ಹೊದೆಯಲೂ ಆಯಿತು, ನೆಂಟರು ಬಂದರೆ ಹಾಸಲೂ ಆಯಿತು. ಬಂಗಾಳದವರ ಕಾಂತಾ, ಮಹಾರಾಷ್ಟ್ರದವರ ಗೋಧಡಿ, ಎಲ್ಲ ಇದರ ಅಕ್ಕತಂಗಿಯರೇ. ನಮ್ಮಲ್ಲೇ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ದಾರಿ ಬೇರೆ. ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಹೂ ಕೂರಿಸುತ್ತಾರೆ. ನಾನು ಹೊಲಿಸಿದ್ದು ಅದಲ್ಲ, ಬಯಲುಸೀಮೆಯ ಸಾದಾ ಕೌದಿ.

ಈಗ ಟ್ರಂಕಿನ ವಿಷಯ. ನಮ್ಮ ಆಯಿ, ಅಂದರೆ ಅವ್ವನ ಅವ್ವ, 1961ರಲ್ಲಿ ಮದುವೆಯಾಗಿ ಗದಗ ಹತ್ತಿರದ ಹಳ್ಳಿಗೆ ಬರುವಾಗ ತಂದ ತಗಡಿನ ಟ್ರಂಕು ಅದು. ಆಯಿ ಹೋಗಿ ಎರಡು ವರ್ಷ ಆದ ಮೇಲೆ ಅವ್ವ ಅದನ್ನು ನನ್ನ ತಲೆಗೆ ಕಟ್ಟಿದರು. "ಹಳೇದು ಅಂದ್ರ ಬಾಯಿ ಬಿಡಾಕಿ ನೀನ, ನೀನ ಒಯ್ಯಿ" ಅಂತ. ತೆಗೆದರೆ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಏಳು ಸೀರೆ. ಗುಳೇದಗುಡ್ಡದ ಮೂರು ಖಣ, ಕುಬಸ ಅಂದರೆ ರವಿಕೆ ಹೊಲಿಸದೆ ಹಾಗೇ ಉಳಿದದ್ದು. ಮ್ಯಾಟಿ ಬಟ್ಟೆಯ ಎರಡು ಟೇಬಲ್ ಕ್ಲಾತು, ಕ್ರಾಸ್ ಸ್ಟಿಚ್ ಹಾಕಿದ್ದು. ರೇಡಿಯೋಗೆ ಹೊದಿಸುತ್ತಿದ್ದ ಒಂದು ಬಟ್ಟೆ, ಅದರ ನಾಲ್ಕೂ ಸುತ್ತ ಕ್ರೋಶಾ ಲೇಸು. ನಾನೂ ನನ್ನ ಅಣ್ಣನೂ ಹಾಕಿಕೊಂಡು ಬೆಳೆದ ಒಂದು ಕುಂಚಿಗೆ, ಕೂಸಿನ ತಲೆ ಬೆನ್ನು ಮುಚ್ಚುವ ಟೋಪಿ. ಆಮೇಲೆ ತಲೆದಿಂಬಿನ ಎರಡು ಗಲೀಪು, ಎರಡರ ಮೇಲೂ ಗುಡ್ ನೈಟ್ ಅಂತ ಇಂಗ್ಲಿಷಿನಲ್ಲಿ ಕಸೂತಿ. ಆಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಯಾರೋ ಬರೆದುಕೊಟ್ಟದ್ದನ್ನು ನೋಡಿಕೊಂಡು ಹಾಕಿದ್ದಾರೆ, ಒಂದರಲ್ಲಿ ಎನ್ ಅಕ್ಷರ ತಿರುವು ಮುರುವಾಗಿದೆ. ನನಗೆ ಅದೇ ಇಷ್ಟ.

ಇಲ್ಲಿಂದ ನನ್ನ ಮೊದಲ ತಪ್ಪು. ವಾಸನೆ ಹೋಗಲಿ ಅಂತ ಒಂದು ಟೇಬಲ್ ಕ್ಲಾತನ್ನೂ ಒಂದು ಸೀರೆಯನ್ನೂ ಬೆಂಗಳೂರಿನ ಒಂದು ಲಾಂಡ್ರಿಗೆ ಕೊಟ್ಟೆ. ಹೆಸರು ಬೇಡ ಬಿಡಿ. ಸೀರೆ ಹೇಗೋ ಬಂತು. ಟೇಬಲ್ ಕ್ಲಾತು ಮಾತ್ರ ಬೀಟ್‌ರೂಟ್ ಪಲ್ಯ ಬಡಿಸಿದ ತಟ್ಟೆ ಥರ ಆಗಿ ಬಂತು. ಕೆಂಪು ಗುಲಾಬಿಯ ದಾರ ಬಣ್ಣ ಬಿಟ್ಟು ಬಿಳಿ ಮ್ಯಾಟಿಯೆಲ್ಲ ಗುಲಾಬಿ. ಕೇಳಿದರೆ ಕೌಂಟರಿನ ಹುಡುಗ ರಸೀದಿ ತಿರುಗಿಸಿ ಹಿಂದಿನ ಸಣ್ಣಕ್ಷರ ತೋರಿಸಿದ. ಬಣ್ಣ ಹೋದರೆ ಜವಾಬ್ದಾರಿ ಇಲ್ಲ, ತೀರಾ ಅಂದರೆ ಒಗೆದ ಚಾರ್ಜಿನ ಇಷ್ಟು ಪಟ್ಟು ವಾಪಸ್ಸು. ಅರವತ್ತು ವರ್ಷದ ಕೈಕೆಲಸಕ್ಕೆ ನಾನೂರು ರೂಪಾಯಿ. ಜಗಳ ಆಡಿದೆ, ಆಮೇಲೆ ಮನೆಗೆ ಬಂದು ಸುಮ್ಮನೆ ಕೂತೆ. ನನ್ನದೂ ತಪ್ಪು ಇತ್ತು. ಹಳೇ ದಾರದ ಬಣ್ಣ ನಿಲ್ಲುತ್ತದೋ ಇಲ್ಲವೋ ನೋಡುವುದು ಎರಡು ನಿಮಿಷದ ಕೆಲಸ: ಬಿಳೀ ಹತ್ತಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ, ಹಿಂಬದಿಯಲ್ಲಿ ಕೆಂಪು, ಕಪ್ಪು, ಕಡುನೀಲಿ ದಾರದ ಮೇಲೆ ಒತ್ತಿ ಹಿಡಿಯಬೇಕು. ತುಂಡಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ನೆನೆಸಲೇಬಾರದು, ಗಾಳಿಗೆ ಹರವಿ ಬಿಡಬೇಕು ಅಷ್ಟೇ. ಈಗ ಯಾವ ಹಳೇ ಕಸೂತಿ ಬಟ್ಟೆ ಬಂದರೂ ಮೊದಲು ಇದನ್ನೇ ಮಾಡುತ್ತೇನೆ. ಬುದ್ಧಿ ಬಂದಾಗ ಹೊತ್ತು ಹೋಗಿತ್ತು.

ಉಳಿದದ್ದನ್ನು ಬೆಂಗಳೂರಿನಲ್ಲಿ ಯಾರಿಗೂ ಕೊಡುವುದಿಲ್ಲ ಅಂತ ನಿರ್ಧಾರ ಮಾಡಿ, ಧಾರವಾಡದಲ್ಲಿ ವಿಚಾರಿಸಲು ಅವ್ವನಿಗೆ ಹೇಳಿದೆ. ಒಂದೇ ದಿನದಲ್ಲಿ ಮೂರು ಮನೆ ಸಿಕ್ಕವು. ಆ ಕಡೆ ಹೀಗೇ. ಮೊದಲು ಕೌದಿ ಹೊಲಿಯುವ ಹೆಣ್ಣುಮಕ್ಕಳು ಸುಗ್ಗಿ ಮುಗಿದ ಮೇಲೆ ಊರೂರು ತಿರುಗುತ್ತಿದ್ದರು, ಪಡಸಾಲೆಯಲ್ಲಿ ಕೂತು ಹೊಲಿದು ಕಾಳೋ ದುಡ್ಡೋ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು ಅಂತ ಅವ್ವ ಹೇಳುತ್ತಾರೆ. ಈಗ ನಾವೇ ಗಂಟು ಹೊತ್ತು ಅವರ ಮನೆಗೆ ಹೋಗಬೇಕು.

ಮನೆ ಅಂದರೆ ಒಂದು ಕೋಣೆ, ಮುಂದೆ ಕಟ್ಟೆ. ಅತ್ತೆಗೆ ಎಪ್ಪತ್ತು ದಾಟಿದೆ, ದಾರ ಪೋಣಿಸಲು ಮಾತ್ರ ಸೊಸೆ ಬೇಕು, ಉಳಿದದ್ದೆಲ್ಲ ಅವರೇ. ಗಂಟು ಬಿಚ್ಚಿದ ಕೂಡಲೇ ಒಂದೊಂದೇ ಸೀರೆ ತೆಗೆದು ಬಾಗಿಲ ಬೆಳಕಿಗೆ ಹಿಡಿದರು. ಆಮೇಲೆ ಮಾಡಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಎರಡೂ ಹೆಬ್ಬೆರಳನ್ನು ಪಕ್ಕಪಕ್ಕ ಊರಿ, ಬಟ್ಟೆಯನ್ನು ಕಿವಿಯ ಹತ್ತಿರ ತಂದುಕೊಂಡು, ಹಾಸಿನ (ಉದ್ದದ ಎಳೆ) ಕಡೆಗೊಮ್ಮೆ ಹೊಕ್ಕಿನ (ಅಡ್ಡ ಎಳೆ) ಕಡೆಗೊಮ್ಮೆ ಮೆಲ್ಲಗೆ ಎಳೆದರು. ಗಟ್ಟಿ ಬಟ್ಟೆ ಸುಮ್ಮನಿರುತ್ತದೆ. ಜೀವ ಹೋದ ಬಟ್ಟೆ ಸಣ್ಣಗೆ ಚಿರ್ ಅನ್ನುತ್ತದೆ. "ಕೇಳಿಸ್ತೇನ್ ತಂಗಿ? ಇದು ಒಳಗ ಹೋಗ್ಲಿ." ನನಗೂ ಕಿವಿಗೆ ಹಿಡಿದು ತೋರಿಸಿದರು. ನಿಜವಾಗಲೂ ಕೇಳಿಸಿತು. ಮಡಿಕೆ ಬಿದ್ದ ಗೆರೆಯಲ್ಲೇ ಜಾಸ್ತಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಬಟ್ಟೆ ಸಾಯುವುದು ಅಲ್ಲಿಂದಲೇ ಅಂತೆ, ಅದಕ್ಕೇ ನಾಲ್ಕು ತಿಂಗಳಿಗೊಮ್ಮೆ ತೆಗೆದು ಬೇರೆ ಥರ ಮಡಚಿಡಬೇಕು ಅಂತ ಬೈದರು. ಆಯಿ ಮಡಚಿಡುತ್ತಿದ್ದರೇನೋ. ಅವರು ಹಾಸಿಗೆ ಹಿಡಿದ ಮೇಲೆ ಯಾರೂ ಟ್ರಂಕು ತೆಗೆದಿರಲಿಲ್ಲ.

ಏಳು ಸೀರೆಯಲ್ಲಿ ಮೂರು ಇಳಕಲ್ಲು, ಎರಡು ಸಾದಾ ಕೈಮಗ್ಗದ ಪತ್ತಲ, ಒಂದು ನೈಲಾನಿನ ನೈಲೆಕ್ಸು, ಒಂದು ಚಂದ್ರಕಾಳಿ. ನೈಲೆಕ್ಸು ಮುಟ್ಟಿದ ಕೂಡಲೇ ಪಕ್ಕಕ್ಕೆ ಹೋಯಿತು. "ಇದು ಜಾರತೈತ್ರಿ, ಬೆವರು ಕುಡಿಯೂದಿಲ್ಲ, ಟಾಕಿ ನಿಲ್ಲೂದಿಲ್ಲ" ಅಂದರು ಸೊಸೆ. ಅದು ಆಯಿಗೆ ಬಲು ಪ್ರೀತಿಯ ಸೀರೆ, ಒಗೆದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ ಅಂತ ಊರಿಗೆಲ್ಲ ಹೇಳುತ್ತಿದ್ದರು. ಏನು ಮಾಡುವುದು, ಕೌದಿಗೆ ಬರುವುದಿಲ್ಲ. ಎರಡು ಪತ್ತಲ ಮತ್ತು ಎರಡು ಇಳಕಲ್ಲು ಒಳಗಿನ ಪದರಕ್ಕೆ. ಗಟ್ಟಿಯಾಗಿದ್ದ ಒಂದು ಇಳಕಲ್ಲು ಮೇಲಕ್ಕೆ. ಅದರ ಸೆರಗನ್ನು ಬಿಡಿಸಿ ಬೇರೆ ಇಟ್ಟರು. ಇಳಕಲ್ಲು ಸೀರೆಯ ಸೆರಗೂ ಒಡಲೂ ಒಂದೇ ಹಾಸಲ್ಲ, ಎರಡು ಬೇರೆ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸಿ ನೇಯುವುದು ಅದರ ವಿಶೇಷ. ಆ ಕೊಂಡಿಯ ಹತ್ತಿರ ಕತ್ತರಿ ಇಟ್ಟರೆ ಬಿಚ್ಚಿಕೊಳ್ಳುತ್ತದೆ ಅಂತ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರು. ತೋಪುತೆನಿ ಸೆರಗು, ಕೆಂಪಿನ ಮೇಲೆ ಬಿಳಿಯ ಗೋಪುರದ ಸಾಲು. ಅದನ್ನೇ ಕೌದಿಯ ನಡುವಿಗೆ ಹಾಕೋಣ ಅಂತ ಅತ್ತೆ ಹೇಳಿದಾಗ ನಾನು ತಲೆಯಾಡಿಸಿದೆ. ಈಗ ಆ ಕೌದಿಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಉಳಿದದ್ದು ಚಂದ್ರಕಾಳಿ. ಕಪ್ಪು ಸೀರೆ, ಮೈಮೇಲೆ ಕಸೂತಿಯ ಗೋಪುರ, ತೇರು. ನನ್ನ ತಲೆಯಲ್ಲಿ ಏನಿತ್ತು ಅಂದರೆ, ಅದು ಅಲ್ಲಲ್ಲಿ ಹರಿದಿದೆ ಅಲ್ವಾ, ಚೆನ್ನಾಗಿರುವ ಭಾಗ ಕತ್ತರಿಸಿ ಚೌಕ ಚೌಕ ಮಾಡಿ ಮೇಲೆ ಕೂರಿಸಿದರೆ ಎಷ್ಟು ಚಂದ ಕಾಣುತ್ತದೆ ಅಂತ. ಮೊಬೈಲಿನಲ್ಲಿ ಅಂಥ ಫೋಟೋ ನೋಡಿ ಸೇವ್ ಕೂಡ ಮಾಡಿಟ್ಟಿದ್ದೆ. ತೋರಿಸಿದೆ. ಅತ್ತೆ ಫೋಟೋ ನೋಡಲೇ ಇಲ್ಲ. ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು, ಒಂದು ಗೋಪುರವನ್ನು ಬೆರಳಿಂದ ಸವರಿ, ಬಟ್ಟೆ ತಿರುವಿ ಹಾಕಿದರು. ಹಿಂದೆಯೂ ಅದೇ ಗೋಪುರ. ಮುಂದೆ ಇದ್ದ ಹಾಗೇ, ಒಂದು ಗಂಟಿಲ್ಲ, ದಾರದ ಒಂದು ತುದಿ ಕಾಣುವುದಿಲ್ಲ. "ಇದನ್ನ ಹೊಲ್ದಾಕಿ ಗಂಟು ಹಾಕಿಲ್ಲ. ನಾನ್ ಕತ್ತರಿ ಹಾಕ್ಲೇನು? ನನ್ನಿಂದ ಆಗೂದಿಲ್ಲ ತಂಗಿ, ಬ್ಯಾರೆ ಕಡೆ ಕೊಡು ಬೇಕಾದ್ರ."

ಕಸೂತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದಕ್ಕೆ ಬಟ್ಟೆಯ ಮೇಲೆ ಗೆರೆ ಬರೆಯುವುದಿಲ್ಲ, ನೇಯ್ಗೆಯ ಎಳೆ ಎಣಿಸಿಕೊಂಡು ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿದು, ಅದೇ ದಾರಿಯಲ್ಲಿ ವಾಪಸ್ಸು ಬರುತ್ತಾ ಬಿಟ್ಟ ಮನೆಗಳನ್ನು ತುಂಬುತ್ತಾರೆ, ಅದಕ್ಕೇ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣುವುದು. ಮುರ್ಗಿ ಅಂದರೆ ಅದೇ ಥರ, ಮೆಟ್ಟಿಲು ಮೆಟ್ಟಿಲಾಗಿ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಕಾಳು ಚೆಲ್ಲಿದ ಹಾಗೆ ಇರುವುದು ಮೆಂತಿ. ಒಂದು ಎಳೆ ತಪ್ಪಿದರೆ ಇಡೀ ತೇರು ವಾಲುತ್ತದೆ. ಆಯಿ ಇದನ್ನು ಮದುವೆಗೆ ಮುಂಚೆ ಕಂದೀಲಿನ ಬೆಳಕಿನಲ್ಲಿ ಹಾಕಿದ್ದು. ನಾನು ಅದನ್ನು ಒಂಬತ್ತು ಇಂಚಿನ ಚೌಕ ಮಾಡಲು ಹೊರಟಿದ್ದೆ. ಆ ಹೊತ್ತಿಗೆ ಮೊಬೈಲ್ ಒಳಗಿಟ್ಟೆ, ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಕೆಲಸ ಬೇಡ ಅಂದು ತಮ್ಮ ದುಡ್ಡು ಕಡಿಮೆ ಮಾಡಿಕೊಂಡ ಟೈಲರನ್ನು ನೀವು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಈ ರಿವ್ಯೂದಲ್ಲಿ ನಾನು ಕೊಡುವ ಮಾರ್ಕಿನಲ್ಲಿ ಅರ್ಧದಷ್ಟು ಅದಕ್ಕೇ.

ಅಡಿಯ ಪದರಕ್ಕೆ ಹೊಸ ಬಟ್ಟೆ ತನ್ನಿ ಅಂದರು, ಅಸ್ತರಕ್ಕೆ ಹಳೇದು ಬೇಡ, ಮೈಗೆ ತಾಗುವ ಕಡೆ ಗಟ್ಟಿ ಇರಬೇಕಂತೆ. ಹುಬ್ಬಳ್ಳಿಯ ಬೆಂಗೇರಿಗೆ ಹೋದೆ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಅಲ್ಲೇ, 1957ರಲ್ಲಿ ಶುರುವಾದದ್ದು, ರಾಷ್ಟ್ರಧ್ವಜ ತಯಾರಾಗುವುದೂ ಅಲ್ಲೇ. ತಿಳಿಹಳದಿ ಖಾದಿ ತಂದೆ. ಸೊಸೆ ಅದನ್ನು ತಕ್ಷಣ ಬಕೆಟ್ಟಿಗೆ ಹಾಕಿದರು. ಖಾದಿ ಮೊದಲ ನೀರಿಗೆ ಕುಗ್ಗುತ್ತದೆ, ಒಗೆಯದೆ ಹೊಲಿದರೆ ಆಮೇಲೆ ಕೌದಿಯೆಲ್ಲ ಸುಕ್ಕು ಸುಕ್ಕು. ಒಳಗಿನ ಸೀರೆಗಳಲ್ಲಿ ಗಂಜಿ ಉಳಿದಿದ್ದರೆ ಅದನ್ನೂ ಒಗೆದು ತೆಗೆಯುತ್ತಾರೆ, ಗಂಜಿಗೆ ಹುಳ ಬರುತ್ತದೆ.

ದುಡ್ಡು: ಎರಡು ಮಂದಿ ಹೊದೆಯುವ ಅಳತೆಗೆ 3,500 ರೂಪಾಯಿ, ದಾರ ಅವರದೇ. ಅರ್ಧ ಮೊದಲು, ಅರ್ಧ ಆಮೇಲೆ. ತೊಟ್ಟಿಲ ಕೂಸಿನ ಸಣ್ಣ ಕೌದಿಗೆ 700. ಒಂದೂವರೆ ತಿಂಗಳು ಅಂದಿದ್ದರು, ಎರಡು ತಿಂಗಳು ಹತ್ತು ದಿನ ಆಯಿತು. ನಡುವೆ ಒಂದು ಮದುವೆ, ಒಂದು ಜಾತ್ರೆ, ಸೊಸೆಗೆ ಜ್ವರ. ನಾನು ಫೋನ್ ಮಾಡಿದಾಗಲೆಲ್ಲ "ಇನ್ನೊಂದ್ ಎಂಟ್ ದಿನ ನೋಡ್ರಿ ಅಕ್ಕಾರ" ಅನ್ನುವುದು. ದೀಪಾವಳಿಗೆ ಬೇಕು ಅಂತ ಯಾರಾದರೂ ಅಂದುಕೊಂಡರೆ ಸಂಕ್ರಾಂತಿಗೆ ಸಿಕ್ಕಿತು ಅಂತ ತಿಳಿದುಕೊಳ್ಳಿ. ಮಳೆಗಾಲದಲ್ಲಿ ಅವರು ತೆಗೆದುಕೊಳ್ಳುವುದೇ ಇಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಕಟ್ಟೆಯ ಮೇಲೆ ಕೂರಲು ಆಗುವುದಿಲ್ಲ.

ಕೌದಿ ಬಂದ ದಿನ ಮಂಚದ ಮೇಲೆ ಹರವಿ ಸುಮಾರು ಹೊತ್ತು ನೋಡಿದೆವು. ಮೂರು ಕೆಜಿಯ ಮೇಲಿದೆ, ತೂಕ ಹಾಕಿದೆ. ನಡುವೆ ಆಯಿಯ ಸೆರಗು, ಸುತ್ತ ಕಡುಹಸಿರು ಒಡಲಿನ ಪಟ್ಟಿ, ನಾಲ್ಕು ದಿಕ್ಕಿಗೆ ಎರಡು ಖಣದಿಂದ ಕತ್ತರಿಸಿದ ತ್ರಿಕೋನ. ಮೂರನೇ ಖಣ ನಾನು ಕೊಟ್ಟಿರಲಿಲ್ಲ, ಅದರಲ್ಲಿ ಕುಬಸ ಹೊಲಿಸಬೇಕು. ಬಿಳೀ ದಾರದ ಟಾಕಿ, ಕಡುಹಸಿರಿನ ಮೇಲೆ ಎಳ್ಳು ಸಾಲು ಹಿಡಿದು ಇಟ್ಟ ಹಾಗೆ. ಒಂದು ಇಂಚಿಗೆ ಐದು ಟಾಕಿ, ಕೆಲವು ಕಡೆ ಆರು. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳಿನ ಜಾಗ. ನೋಡುತ್ತಾ ಹೋದರೆ ಯಾವ ಭಾಗ ಅತ್ತೆಯದು, ಯಾವುದು ಸೊಸೆಯದು ಅಂತ ಗೊತ್ತಾಗುತ್ತದೆ. ಸೊಸೆಯ ಸಾಲು ಗೆರೆ ಎಳೆದ ಹಾಗೆ ನೆಟ್ಟಗೆ. ಅತ್ತೆಯದು ಸ್ವಲ್ಪ ಎಡಕ್ಕೆ ವಾಲುತ್ತದೆ, ಆದರೆ ಟಾಕಿ ಸಣ್ಣದು. ಕೈ ಆಡಿಸಿದರೆ ಉಬ್ಬು ತಗ್ಗು ಬೆರಳಿಗೆ ಸಿಗುತ್ತದೆ, ಮಳೆಗಾಲಕ್ಕೆ ಮುಂಚೆ ಕುಂಟೆ ಹೊಡೆದ ಹೊಲದ ಹಾಗೆ.

ಈಗ ದೂರು. ಒಂದು, ಅಳತೆ. ನಾನು ಆರು ಅಡಿ ಅಗಲ, ಏಳು ಅಡಿ ಉದ್ದ ಹೇಳಿದ್ದೆ. ಬಂದದ್ದು ಐದೂವರೆ, ಆರೂಮುಕ್ಕಾಲು. ಅವರ ಮನೆಯಲ್ಲಿ ಟೇಪು ಇಲ್ಲ, ಮೊಳ ಹಾಕುತ್ತಾರೆ, ಅತ್ತೆಯ ಮೊಳ ಚಿಕ್ಕದು. ಅದೂ ಅಲ್ಲದೆ ಇಷ್ಟು ಸಾಲು ಹೊಲಿಗೆ ಬಿದ್ದರೆ ಪ್ರತಿ ಟಾಕಿಯೂ ಬಟ್ಟೆಯನ್ನು ಒಂಚೂರು ಎಳೆದುಕೊಳ್ಳುತ್ತದೆ, ಹಾಗಾಗಿ ಎಷ್ಟು ಸರಿಯಾಗಿ ಕತ್ತರಿಸಿದರೂ ಕೊನೆಗೆ ಕಡಿಮೆಯೇ ಆಗುವುದು. ಬೇಕಾದ್ದಕ್ಕಿಂತ ಅಗಲಕ್ಕೂ ಉದ್ದಕ್ಕೂ ಅರ್ಧ ಅಡಿ ಜಾಸ್ತಿ ಹೇಳಿ, ಒಂದು ಟೇಪನ್ನೂ ತೆಗೆದುಕೊಂಡು ಹೋಗಿ ಕೊಟ್ಟು ಬನ್ನಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಮ್ಮ ಮನೆಯವರು ದಿನಾ ರಾತ್ರಿ ನನಗೆ ಅದನ್ನೇ ಹೇಳಿ ತೋರಿಸುತ್ತಾರೆ.

ಎರಡು, ಒಂದು ಖಣದ ತ್ರಿಕೋನ ತಲೆಕೆಳಗಾಗಿದೆ. ಬುಟ್ಟಾ ಉಲ್ಟಾ. ಕೇಳಿದರೆ ಅತ್ತೆ ನಕ್ಕುಬಿಟ್ಟರು, "ದೃಷ್ಟಿ ಆಗಬಾರದು ಅಂತ ಬಿಟ್ಟೀನಿ ಅನ್ಕೋ." ಸುಳ್ಳು ಅಂತ ಇಬ್ಬರಿಗೂ ಗೊತ್ತು. ಬಿಚ್ಚಿ ಹೊಲಿದುಕೊಡುತ್ತೇನೆ ಅಂದರು, ಬೇಡ ಅಂದೆ. ಗಲೀಪಿನ ಮೇಲೆ ತಿರುಗಿದ ಎನ್ ಇದೆಯಲ್ಲ, ಅದಕ್ಕೆ ಇದು ಜೋಡಿ.

ಮೂರು, ಸಣ್ಣದು: ಬೀಡಿ ಹೊಗೆಯ ವಾಸನೆ ಸ್ವಲ್ಪ ಇತ್ತು. ಮನೆಯಲ್ಲಿ ಯಾರೋ ಸೇದುತ್ತಾರೆ. ಎರಡು ದಿನ ಬಿಸಿಲಿಗೆ ಹಾಕಿದ ಮೇಲೆ ಹೋಯಿತು.

ಹೋಲಿಸಿ ನೋಡಲು ನನ್ನ ಹತ್ತಿರ ಇನ್ನೊಂದು ಇದೆ. ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ವಿಂಟೇಜ್ ಕ್ವಿಲ್ಟ್ ಅಂತ 4,200 ಕೊಟ್ಟು ತರಿಸಿದ್ದೆ. ಎಲ್ಲಿಂದ ಅಂತ ಬೇಡ. ಫೋಟೋದಲ್ಲಿ ತುಂಡು ತುಂಡು ಜೋಡಿಸಿದ ಹಾಗಿತ್ತು. ಕೈಗೆ ಬಂದಾಗ ನೋಡಿದರೆ ಜೋಡಣೆ ಅಲ್ಲ, ಜೋಡಣೆಯ ಪ್ರಿಂಟು! ಒಂದೇ ಬಟ್ಟೆಯ ಮೇಲೆ ತೇಪೆಯ ಚಿತ್ರ. ಒಳಗೆ ಪಾಲಿಯೆಸ್ಟರ್ ಹಾಳೆ, ಮಿಶನ್ ಹೊಲಿಗೆ ಒಂದು ಅಡಿಗೊಂದು ಸಾಲು. ಮೂರನೇ ಸಲ ಒಗೆದಾಗ ಒಳಗಿನದೆಲ್ಲ ಒಂದು ಕಡೆ ಸೇರಿ ಮುದ್ದೆ ಆಯಿತು. ಚಳಿಯಲ್ಲಿ ಹೊದ್ದರೆ ಬೆವರು ಬರುತ್ತದೆ, ತೆಗೆದರೆ ನಡುಕ. ಅದು ಈಗ ಕಾರಿನ ಡಿಕ್ಕಿಯಲ್ಲಿದೆ. ಕೌದಿಯಲ್ಲಿ ಈ ಸಮಸ್ಯೆ ಇಲ್ಲ, ಪದರಗಳು ಬೆರಳಿಗೊಂದು ಸಾಲಿನಂತೆ ಹಿಡಿದುಕೊಂಡಿವೆ, ಎಲ್ಲಿಗೂ ಸರಿಯುವುದಿಲ್ಲ. ಹಳೇ ಹತ್ತಿ ಬಟ್ಟೆ ನೂರು ಸಲ ಒಗೆದು ಮೆತ್ತಗಾಗಿರುತ್ತದೆ, ಮೈಗೆ ಹತ್ತಿಕೊಳ್ಳುತ್ತದೆ. ಬೆಂಗಳೂರಿನ ಡಿಸೆಂಬರಿಗೆ ಇದು ಸಾಕೋ ಸಾಕು. ಏಪ್ರಿಲಿನಲ್ಲಿ ಮಡಚಿ ಹಾಸಿಗೆಯ ಮೇಲೆ ಹಾಸಿಕೊಳ್ಳುತ್ತೇವೆ.

ಒಗೆಯುವುದು ಮಾತ್ರ ತಲೆನೋವು, ಸುಳ್ಳು ಹೇಳುವುದಿಲ್ಲ. ಒಣಗಿದ್ದಾಗಲೇ ಮೂರು ಕೆಜಿ, ಒದ್ದೆಯಾದರೆ ಎರಡು ಮಂದಿ ಬೇಕು. ವಾಶಿಂಗ್ ಮಿಶನ್ನಿಗೆ ಹಾಕಬೇಡಿ ಅಂತ ಅವರು ಹೇಳಿದ್ದರು. ನಾನೂ ಹಾಕಲಿಲ್ಲ. ಬಚ್ಚಲಲ್ಲಿ ತಣ್ಣೀರು, ಸ್ವಲ್ಪ ಸೋಪಿನ ಪುಡಿ, ಅರ್ಧ ಗಂಟೆ, ಆಮೇಲೆ ಕಾಲಲ್ಲಿ ತುಳಿಯುವುದು. ಹಿಂಡಬಾರದು. ಟಾಕಿ ಕಿತ್ತು ಬರುತ್ತದೆ. ಟೆರೇಸಿನ ಗೋಡೆಯ ಮೇಲೆ ಹಾಕಿ ನೀರು ಇಳಿಯಲು ಬಿಟ್ಟೆ. ಅಡಿಯ ಖಾದಿಯ ಕಡೆ ಬಿಸಿಲಿಗೆ, ಸೀರೆಯ ಕಡೆ ನೆರಳಿಗೆ. ವರ್ಷಕ್ಕೆ ಎರಡು ಸಲ ಸಾಕು, ಉಳಿದಂತೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಆಯಿತು. ಬ್ಲೀಚಿನ ಬಾಟಲಿ ಹತ್ತಿರಕ್ಕೂ ತರಬೇಡಿ, ಹಳೇ ನೂಲಿನಲ್ಲಿ ಉಳಿದಿರುವ ಅಷ್ಟಿಷ್ಟು ಜೀವವೂ ಹೋಗುತ್ತದೆ.

ಟ್ರಂಕಿನ ಬಾಕಿ ಸಾಮಾನು ಏನಾಯಿತು ಅಂತ ಕೇಳಬಹುದು. ಚಂದ್ರಕಾಳಿಯನ್ನು ಹಳೇ ಮಲ್ ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಪ್ಲಾಸ್ಟಿಕ್ ಕವರಿನಲ್ಲಿ ಅಲ್ಲ, ಡಾಂಬರು ಗುಳಿಗೆ ಇಲ್ಲ, ಬೇವಿನ ಒಣ ಎಲೆಯ ಒಂದು ಪೊಟ್ಟಣ ಮೂಲೆಯಲ್ಲಿ. ಮೊಬೈಲಿನಲ್ಲಿ ರಿಮೈಂಡರ್ ಹಾಕಿದ್ದೇನೆ, ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಲು. ಹಾಳಾದ ಟೇಬಲ್ ಕ್ಲಾತನ್ನು ಎಸೆಯಲಿಲ್ಲ, ಗುಲಾಬಿ ಬಣ್ಣಕ್ಕೆ ತಿರುಗಿದ್ದರೂ ಹೊಲಿಗೆ ಗಟ್ಟಿಯಾಗಿದೆ, ರೊಟ್ಟಿ ಬುಟ್ಟಿಗೆ ಹಾಸುತ್ತೇವೆ. ಇನ್ನೊಂದು ಊಟದ ಟೇಬಲ್ಲಿನ ಮೇಲೆ ಹಬ್ಬಕ್ಕೆ ಮಾತ್ರ ಬರುತ್ತದೆ, ಸಾರು ಬಿದ್ದರೆ ಬೀಳಲಿ. ಆಯಿ ಅದನ್ನು ಹಾಕಿದ್ದು ಟೇಬಲ್ಲೇ ಇಲ್ಲದ ಮನೆಯಲ್ಲಿ ಕೂತು, ಮುಂದೆ ಯಾವಾಗಲೋ ಬಂದೀತು ಅಂತ. ಬರಲೂ ಇಲ್ಲ, ಅದು ಮಡಚಿದ ಹಾಗೇ ಉಳಿಯಿತು. ಗಲೀಪುಗಳು ಮಾತ್ರ ದಿನಾ ಬಳಕೆಯಲ್ಲಿವೆ. ತಿರುಗಿದ ಎನ್ ನನ್ನ ಕಡೆ.

ಇನ್ನೊಂದು ವಿಷಯ ಮರೆತೆ. ಕೌದಿಯ ಒಂದು ಮೂಲೆ ಬೆರಳಿಗೆ ಗಟ್ಟಿ ಗಟ್ಟಿ ಸಿಗುತ್ತಿತ್ತು. ಏನೋ ಕಸ ಸೇರಿ ಹೊಲಿದುಬಿಟ್ಟಿದ್ದಾರೆ ಅಂತ ಫೋನ್ ಮಾಡಿದೆ. ಸೊಸೆ ನಕ್ಕರು. ಕೊನೆಯ ಮೂಲೆ ಮುಚ್ಚುವ ಮುಂಚೆ ಅತ್ತೆ ನಾಲ್ಕು ಕಾಳು ಜೋಳ ಹಾಕುತ್ತಾರಂತೆ, ಯಾರ ಮನೆಯ ಕೌದಿ ಆದರೂ ಸರಿ. ಕೌದಿ ಹಸಿದಿರಬಾರದಂತೆ. "ಇರುವೆ ಬರೂದಿಲ್ರಿ ಅಕ್ಕಾರ, ಹುರಿದು ಹಾಕ್ತೀವಿ" ಅಂತ ಸೇರಿಸಿದರು. ಇದನ್ನು ನನ್ನ ಮಗನಿಗೆ ಹೇಳಿದೆ, ಅವನಿಗೆ ಆರು ವರ್ಷ, ಹುರಿದದ್ದು ಅನ್ನುವ ಭಾಗ ಅವನ ತಲೆಗೆ ಹೋಗಲಿಲ್ಲ. ಮೊದಲ ಸಲ ಒಗೆದು ಒಣಹಾಕಿದ ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಆ ಮೂಲೆ ಹಿಡಿದು ಮೊಳಕೆ ಬಂತಾ ಅಂತ ನೋಡುತ್ತಾನೆ.